ಬಾಕ್ಸ್ ತಗೊಳ್ಳಿ, ಲ್ಯಾಪ್‌ಟಾಪನ್ನೂ ಇಟ್ಕೊಳ್ಳಿ

ತೀರ್ಥಹಳ್ಳಿ ಮನೆಗೆ ಹೊಸ 4ಕೆ ಸ್ಟ್ರೀಮಿಂಗ್ ಬಾಕ್ಸ್ ತರಲೋ, ಹಳೇ ಲ್ಯಾಪ್‌ಟಾಪನ್ನೇ ಟಿವಿಗೆ ಹಾಕಲೋ ಅಂತ ಕೇಳಿದ್ದೀರಿ. ನೋಡೋರು ಅಪ್ಪ ಅಮ್ಮ ಅಂದ್ಮೇಲೆ ಬಾಕ್ಸೇ ಸರಿ. ಅವರ ಕೈಗೆ ಮೌಸು, ಕೀಬೋರ್ಡು ಕೊಟ್ಟು ನೀವು ಬೆಂಗಳೂರಿಗೆ ಹೋದ್ರೆ ದಿನಾ ರಾತ್ರಿ ಫೋನ್ ಗ್ಯಾರಂಟಿ. ಆದ್ರೆ ಹೆಸರಿಲ್ಲದ ಅಗ್ಗದ ಆಂಡ್ರಾಯ್ಡ್ ಬಾಕ್ಸ್ ಬೇಡ. ವೈಡ್‌ವೈನ್ ಎಲ್1 (ವೀಡಿಯೊ ಕಾಪಿ ಆಗದಂತೆ ಕಾಯೋ ವ್ಯವಸ್ಥೆಯ ಮೇಲಿನ ಹಂತ) ಇಲ್ಲದಿದ್ರೆ ನೆಟ್‌ಫ್ಲಿಕ್ಸ್ ಎಚ್‌ಡಿಯಲ್ಲಿ ಬರಲ್ಲ, ಡಬ್ಬಿ ಮೇಲೆ 4ಕೆ ಅಂತ ಎಷ್ಟೇ ದಪ್ಪಕ್ಕೆ ಬರೆದಿರಲಿ. ಟಿವಿಯೇ 1080ಪಿ (ಫುಲ್ ಎಚ್‌ಡಿ) ಆಗಿದ್ರೆ 4ಕೆ ಬಾಕ್ಸಿಗೆ ದುಡ್ಡು ಸುರೀಬೇಡಿ.

ಮಳೆಗಾಲದ ಕಥೆ ಬೇರೆ. ಮರ ಬಿದ್ದು ಇಂಟರ್ನೆಟ್ ಕೇಬಲ್ ಹರಿದ್ರೆ ಬರೀ ಬಾಕ್ಸ್ ಇಟ್ಕೊಂಡು ಏನೂ ಮಾಡೋಕಾಗಲ್ಲ. ಅದಕ್ಕೇ ಲ್ಯಾಪ್‌ಟಾಪಲ್ಲಿ ಜೆಲ್ಲಿಫಿನ್ ಹಾಕಿ (ನಮ್ಮದೇ ವೀಡಿಯೊಗಳನ್ನ ಮನೆಯೊಳಗೇ ಟಿವಿಗೆ ಕಳಿಸೋ ಸಾಫ್ಟ್‌ವೇರ್, ಪೂರ್ತಿ ಉಚಿತ), ನೀವು ಹೇಳಿದ ಯಕ್ಷಗಾನದ ರೆಕಾರ್ಡಿಂಗ್ ಇರೋ ಹಾರ್ಡ್‌ಡಿಸ್ಕ್ ಜೋಡಿಸಿ. ಬಾಕ್ಸಲ್ಲಿ ಜೆಲ್ಲಿಫಿನ್ ಆಪ್ ತೆರೆದ್ರೆ ಆಯ್ತು, ರಿಮೋಟಲ್ಲೇ ಎಲ್ಲ. ಇಂಟರ್ನೆಟ್ ಹೋದ್ರೂ ರೂಟರ್‌ಗೆ ಕರೆಂಟಿದ್ರೆ ಓಡುತ್ತೆ. ರೂಟರನ್ನ ಮನೆ ಯುಪಿಎಸ್‌ಗೇ ಹಾಕಿಬಿಡಿ. ಫೈಲುಗಳು ಎಚ್.264 (ತುಂಬಾ ಬಳಕೆಯಲ್ಲಿರೋ ವೀಡಿಯೊ ಫಾರ್ಮ್ಯಾಟ್) ಆಗಿದ್ರೆ ಸಾಮಾನ್ಯವಾಗಿ ಬಾಕ್ಸೇ ನೇರ ಪ್ಲೇ ಮಾಡುತ್ತೆ, ಫಾರ್ಮ್ಯಾಟ್ ಬದಲಾಯಿಸೋ ಕೆಲಸ ಇಲ್ಲದೆ ಹಳೇ ಲ್ಯಾಪ್‌ಟಾಪಿಗೆ ಏದುಸಿರು ಬರಲ್ಲ.

ಗುಡುಗು ಶುರುವಾದ್ರೆ ಪ್ಲಗ್ಗಿನ ಜೊತೆ ಲ್ಯಾನ್ ಕೇಬಲನ್ನೂ ಕಿತ್ತಿಡೋಕೆ ಅಪ್ಪನಿಗೆ ಹೇಳಿ.