‘ಮರದ ಬೆಲೆ’ ಲೇಖನ ಯಾಕೆ ವಾಪಸ್ ಬರುತ್ತಿದೆ

ಪ್ರಿಯರೇ, ನಮಸ್ಕಾರ.

ನಿಮ್ಮ ‘ಮರದ ಬೆಲೆ’ ಪ್ರಬಂಧ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಭಾಷೆಗೆ ಲಯ ಇದೆ, ಓದಿಕೊಂಡಿರುವುದೂ ಜಾಸ್ತಿಯೇ. ಎಡವಟ್ಟಾಗಿರುವುದು ವಾದದಲ್ಲಿ. ರಸ್ತೆ ಅಗಲ ಮಾಡಲು ನಿಮ್ಮೂರಿನ ಮರಗಳಿಗೆ ಬಣ್ಣದಲ್ಲಿ ನಂಬರ್ ಬರೆದು ಹೋಗಿದ್ದಾರೆ, ಅಲ್ಲಿಂದ ಶುರು ಮಾಡುತ್ತೀರಿ. ‘ಮರಕ್ಕೆ ತನ್ನದೇ ಮೌಲ್ಯವಿದೆ, ಅದಕ್ಕೆ ಯಾರ ಉಪಯೋಗದ ಹಂಗೂ ಇಲ್ಲ’ ಎನ್ನುತ್ತೀರಿ. ಸರಿ. ಆದರೆ ಆಮೇಲಿನ ನಾಲ್ಕು ಪುಟ ಪೂರ್ತಿ ಉಪಯೋಗದ್ದೇ ಪಟ್ಟಿ: ಆಮ್ಲಜನಕ, ನೆರಳು, ಅಂತರ್ಜಲ. ಹೇಳಿದ್ದು ಒಂದು, ತೋರಿಸಿದ್ದು ಇನ್ನೊಂದು.

ಸುಪ್ರೀಂ ಕೋರ್ಟ್ ನೇಮಿಸಿದ್ದ ಸಮಿತಿಯ 2021ರ ಲೆಕ್ಕವನ್ನು ಬಹಳ ಖುಷಿಯಿಂದ ತಂದಿದ್ದೀರಿ. ಪಶ್ಚಿಮ ಬಂಗಾಳದಲ್ಲಿ ರೈಲ್ವೆ ಮೇಲ್ಸೇತುವೆಗಳಿಗಾಗಿ 356 ಮರ ಕಡಿಯುವ ಪ್ರಕರಣ ಅದು. ಮರದ ವಯಸ್ಸನ್ನು 74,500 ರೂಪಾಯಿಯಿಂದ ಗುಣಿಸಿದರೆ ಅದರ ಬೆಲೆ ಎಂದಿತು ಸಮಿತಿ. ಅದರಲ್ಲಿ 45,000 ಬರೀ ಆಮ್ಲಜನಕದ ಬಾಬ್ತು. ಮರ ಉಳಿಸಲು ಹೊರಟ ವಕೀಲರಿಗೆ ಇದು ಒಳ್ಳೆಯ ಅಸ್ತ್ರವೇ. ನಿಮ್ಮ ವಾದದ ಬುಡಕ್ಕೆ ಮಾತ್ರ ಇದು ಕೊಡಲಿ. ನಾಳೆ ಅಷ್ಟೇ ಆಮ್ಲಜನಕ ಕೊಡುವ ಯಂತ್ರ ಅಗ್ಗಕ್ಕೆ ಸಿಕ್ಕರೆ ಮರ ಕಡಿಯಬಹುದಾ? ಹೌದೋ ಅಲ್ಲವೋ, ಲೇಖನ ಹೇಳುವುದೇ ಇಲ್ಲ.

ಈ ಪ್ರಶ್ನೆಯ ಕುತ್ತಿಗೆಪಟ್ಟಿ ಹಿಡಿದವರು ತತ್ವಜ್ಞಾನಿ ರಿಚರ್ಡ್ ರೌಟ್ಲಿ. 1973ರಲ್ಲಿ ಬಲ್ಗೇರಿಯಾದ ವಾರ್ನಾದಲ್ಲಿ ನಡೆದ ವಿಶ್ವ ತತ್ವಶಾಸ್ತ್ರ ಸಮ್ಮೇಳನಕ್ಕೆ ಅವರು ತಂದ ಸನ್ನಿವೇಶ ಇದು. ಭೂಮಿಯ ಮೇಲೆ ಒಬ್ಬನೇ ಮನುಷ್ಯ ಉಳಿದಿದ್ದಾನೆ. ಸಾಯುವ ಮುಂಚೆ ಕೈಗೆ ಸಿಕ್ಕ ಜೀವಿಗಳನ್ನೆಲ್ಲ ನಾಶ ಮಾಡುತ್ತಾ ಹೋಗುತ್ತಾನೆ. ಅವನ ನಂತರ ಯಾರೂ ಇಲ್ಲ, ಹಾಗಾಗಿ ಮನುಷ್ಯರಿಗೆ ನಷ್ಟವೂ ಇಲ್ಲ. ಅವನು ಮಾಡಿದ್ದು ತಪ್ಪಾ? ನೀವು ಪ್ರಾಣಿಗಳನ್ನು ಬಿಟ್ಟು ಮರಗಳಷ್ಟನ್ನೇ ಇಟ್ಟುಕೊಂಡು ಕೇಳಿ ನೋಡಿ. ಆಗಲೂ ತಪ್ಪು ಎನ್ನುವ ಧೈರ್ಯ ಇದ್ದರೆ ಮರಕ್ಕೆ ತನ್ನದೇ ಮೌಲ್ಯವಿದೆ ಎಂಬ ನಿಮ್ಮ ಮಾತು ನಿಲ್ಲುತ್ತದೆ. ಇಲ್ಲದಿದ್ದರೆ ಅದನ್ನು ತೆಗೆಯಬೇಕು.

ನೀವು ಸಾಕ್ಷಿಗೆ ಕರೆದಿರುವ ಇಬ್ಬರಂತೂ ನಿಮಗೆ ಕೈ ಕೊಡುತ್ತಾರೆ. ಇಂಗ್ಲಿಷ್ ತತ್ವಜ್ಞಾನಿ ಜಿ. ಇ. ಮೂರ್ 1903ರ ‘ಪ್ರಿನ್ಸಿಪಿಯಾ ಎಥಿಕಾ’ ಪುಸ್ತಕದಲ್ಲಿ ಎರಡು ಲೋಕ ಊಹಿಸಿಕೊಳ್ಳಿ ಎಂದರು, ಒಂದು ಅತಿ ಸುಂದರ, ಇನ್ನೊಂದು ಕಸದ ತಿಪ್ಪೆ. ನೋಡುವವರು ಯಾರೂ ಇಲ್ಲದಿದ್ದರೂ ಸುಂದರವಾದದ್ದು ಇರುವುದೇ ಮೇಲು ಎಂದರು. ನೀವು ಅಷ್ಟಕ್ಕೇ ನಿಲ್ಲಿಸಿದ್ದೀರಿ. ಅದೇ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಅವರೇ, ಸೌಂದರ್ಯವನ್ನು ಸವಿಯುವ ಮನಸ್ಸಿನ ಮುಂದೆ ಬರೀ ಸೌಂದರ್ಯದ ಮೌಲ್ಯ ಲೆಕ್ಕಕ್ಕಿಲ್ಲದಷ್ಟು ಸಣ್ಣದು ಅನ್ನುತ್ತಾರೆ. ಜರ್ಮನ್ ತತ್ವಜ್ಞಾನಿ ಕಾಂಟ್ ಕಥೆ ಇನ್ನೂ ಕಷ್ಟ. ಕೆಲವಕ್ಕೆ ಬೆಲೆ ಇದೆ, ಕೆಲವಕ್ಕೆ ಘನತೆ ಇದೆ ಎಂದು 1785ರಲ್ಲಿ ಅವರು ಬರೆದದ್ದು ನಿಜ. ಆದರೆ ಘನತೆ ಕೊಟ್ಟದ್ದು ವಿವೇಕ ಇರುವ ಜೀವಿಗಳಿಗೆ ಮಾತ್ರ. ಮರ ಬೆಲೆಯ ಪಾಲಿಗೆ ಹೋಗುತ್ತದೆ! ಗಿಡಮರಗಳನ್ನು ಸುಮ್‌ಸುಮ್ನೆ ಹಾಳು ಮಾಡಬಾರದು ಎಂದು 1797ರಲ್ಲಿ ಅವರು ಹೇಳಿದ್ದುಂಟು. ಕಾರಣ, ಅದು ಮನುಷ್ಯ ತನಗೆ ತಾನೇ ಸಲ್ಲಿಸಬೇಕಾದ ಕರ್ತವ್ಯಕ್ಕೆ ವಿರುದ್ಧ ಎಂಬುದು. ಮರದ ಮೇಲಿನ ಗೌರವಕ್ಕೆ ಅಲ್ಲಿ ಜಾಗ ಇಲ್ಲ.

ಹಾಗಾದರೆ ಲೇಖನ ಬಿದ್ದೇ ಹೋಯಿತಾ? ಇಲ್ಲ. ನಿಮ್ಮ ಹತ್ತಿರ ಬೇರೆ ದಾರಿ ಇದೆ, ನೀವೇ ಅದನ್ನು ಕೊನೆಯ ಪುಟದಲ್ಲಿ ಅಲಂಕಾರಕ್ಕೆ ಇಟ್ಟಿದ್ದೀರಿ. ಸಾಲುಮರದ ತಿಮ್ಮಕ್ಕನವರ ಬಗ್ಗೆ ಎರಡು ಸಾಲು. ಮಕ್ಕಳಿಲ್ಲದ ದಂಪತಿ ಹುಲಿಕಲ್–ಕುದೂರು ರಸ್ತೆಯ ಬದಿಗೆ ಆಲದ ಸಸಿ ನೆಟ್ಟು, ನೀರು ಹೊತ್ತು, ಮಕ್ಕಳ ಹಾಗೆ ಬೆಳೆಸಿದರು. 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆಗಾಗಿ ಆ ಮರಗಳಿಗೆ ಕುತ್ತು ಬಂದಾಗ ತಿಮ್ಮಕ್ಕ ಮುಖ್ಯಮಂತ್ರಿಗೇ ಮನವಿ ಮಾಡಿದರು. ಅಷ್ಟೇ ವಯಸ್ಸಿನ, ಅಷ್ಟೇ ನೆರಳಿನ ಆಲದ ಮರಗಳನ್ನು ಬೇರೆ ಕಡೆ ತೋರಿಸಿ ‘ಅವನ್ನು ತಗೊಳ್ಳಿ, ಇವನ್ನು ಕಡೀತೀವಿ’ ಅಂದರೆ ಯಾರಾದರೂ ಒಪ್ಪುತ್ತಿದ್ದರಾ? ಇಲ್ಲಿ ಮರದ ಮೌಲ್ಯ ಮರದೊಳಗೇ ಹುಟ್ಟಿದ್ದಲ್ಲ, ನೆಟ್ಟ ಕೈಯಿಂದ ಬಂದದ್ದು. ಆದರೂ ಅದನ್ನು ಯಾವುದೋ ಕೆಲಸಕ್ಕೆ ಬರುತ್ತದೆ ಅಂತ ಉಳಿಸಿಕೊಳ್ಳುತ್ತಿಲ್ಲ. ಅಮೆರಿಕದ ತತ್ವಜ್ಞಾನಿ ಕ್ರಿಸ್ಟೀನ್ ಕೋರ್ಸ್‌ಗಾರ್ಡ್ 1983ರಲ್ಲಿ ಬಿಡಿಸಿ ತೋರಿಸಿದ್ದು ಇದನ್ನೇ. ಮೌಲ್ಯ ಎಲ್ಲಿಂದ ಬರುತ್ತದೆ ಎಂಬುದು ಒಂದು ಪ್ರಶ್ನೆ, ಆ ವಸ್ತುವನ್ನು ಯಾತಕ್ಕಾಗಿ ಬಯಸುತ್ತೇವೆ ಎಂಬುದು ಬೇರೆ ಪ್ರಶ್ನೆ. ಇನ್ನೊಬ್ಬ ತತ್ವಜ್ಞಾನಿ ಶೆಲ್ಲಿ ಕೇಗನ್ ಲಿಂಕನ್ನರ ಪೆನ್ನಿನ ಉದಾಹರಣೆ ಕೊಡುತ್ತಾರೆ. ಗುಲಾಮರ ಬಿಡುಗಡೆಯ ಘೋಷಣೆಗೆ ಸಹಿ ಹಾಕಿದ ಆ ಪೆನ್ನು ಇನ್ನು ಬರೆಯದಿದ್ದರೂ ಅದನ್ನು ಕಾಪಾಡುತ್ತೇವೆ, ಅಲ್ವಾ? ನೀವು ಎರಡೂ ಪ್ರಶ್ನೆಗಳನ್ನು ಒಂದೇ ಗಂಟು ಹಾಕಿದ್ದರಿಂದ, ಉಪಯೋಗ ಬೇಡ ಎಂದ ಕೂಡಲೇ ಮರಕ್ಕೆ ತಾನೇ ತಾನಾದ ಮೌಲ್ಯ ಅಂಟಿಸಬೇಕಾಯಿತು.

ನಿಮ್ಮ ಎಳನೀರು ಮಾರುವವರ ಪ್ಯಾರಾ ಇಡೀ ಲೇಖನದಲ್ಲಿ ನನಗೆ ಅತಿ ಇಷ್ಟವಾದದ್ದು. ಮಚ್ಚನ್ನು ಬೇರಿನ ಸಂದಿಗೆ ಸಿಕ್ಕಿಸಿ, ನಂಬರ್ ಬರೆದ ಕಡೆಗೇ ಬೆನ್ನು ಕೊಟ್ಟು ಕೂರುತ್ತಾರೆ. ‘ನೆರಳು ಆ ಕಡೆ ಶೆಡ್ ಹಾಕ್ಕೊಂಡ್ರೂ ಸಿಗುತ್ತೆ ಸಾರ್, ಇದು ಮಾತ್ರ ಹೋಗ್ಬಾರ್ದು’ ಅನ್ನುತ್ತಾರೆ. ನಿಮ್ಮ ನಾಲ್ಕು ಪುಟ ಹೇಳಲಾಗದ್ದನ್ನು ಅವರು ಹೇಳಿದ್ದಾರೆ. ನೀವು ತಕ್ಷಣ ‘ಹೀಗೆ ಜನಸಾಮಾನ್ಯರಿಗೂ ಪರಿಸರ ಕಾಳಜಿ ಇದೆ’ ಎಂದು ಷರಾ ಬರೆದುಬಿಟ್ಟಿರಿ. ಯಾಕೆ ಹೋಗಬಾರದು ಅಂತ ಕೇಳಬೇಕಿತ್ತು. ಇನ್ನೂ ಹೋಗಿ ಕೇಳಬಹುದು.

ಪುರುಷಾರ್ಥಗಳ ಭಾಗ ಬರೀ ಪಟ್ಟಿ, ತೆಗೆಯಿರಿ. ಇರಲೇಬೇಕು ಅನ್ನಿಸಿದರೆ ಭಾರತೀಯ ತತ್ವಶಾಸ್ತ್ರದ ವಿದ್ವಾಂಸರಾಗಿದ್ದ ಮೈಸೂರಿನ ಎಂ. ಹಿರಿಯಣ್ಣನವರನ್ನು ಓದಿ. ವಿಧಿಸಿದ ಕರ್ಮವನ್ನು ಫಲಕ್ಕಾಗಿ ಮಾಡಬೇಕೋ, ಮಾಡಬೇಕಾದ್ದು ಅಂತಲೇ ಮಾಡಬೇಕೋ ಎಂದು, ವೇದದ ವಿಧಿಗಳನ್ನು ವಿಚಾರ ಮಾಡುವ ಮೀಮಾಂಸಕರಲ್ಲೇ ಕುಮಾರಿಲರ ಕಡೆಯವರಿಗೂ ಪ್ರಭಾಕರರ ಕಡೆಯವರಿಗೂ ಇದ್ದ ಜಗಳ ನಿಮ್ಮ ವಿಷಯಕ್ಕೆ ತೀರಾ ಹತ್ತಿರದ್ದು.

ಅರ್ಧಕ್ಕೆ ಇಳಿಸಿ ಮತ್ತೆ ಕಳಿಸಿ. ತಿಮ್ಮಕ್ಕ, ಎಳನೀರಿನವರು, ರೌಟ್ಲಿ ಇಷ್ಟೇ ಸಾಕು. ಕಾಂಟ್ ಉಳಿಯಬೇಕಾದರೆ ಎದುರಾಳಿಯಾಗಿ ಉಳಿಯಲಿ. ಯೂನಿಕೋಡ್‌ನಲ್ಲಿ ಕಳಿಸಿ. ಹಳೇ ನುಡಿ ಫಾಂಟಿನಲ್ಲಿ ಬಂದದ್ದರಿಂದ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು.

ಇಂತಿ,
ಸಂಪಾದಕ