ಅಂಗ ರೂಪಿಸುವ ಜೀನ್‌ಗಳು ಮತ್ತು ಸ್ತನ ಕ್ಯಾನ್ಸರ್

ಪ್ರಶ್ನೆ: ನನ್ನ ತಾಯಿಗೆ 62ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಬಂದು, ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆಯಾಗಿದೆ. ಗರ್ಭದಲ್ಲಿ ಶಿಶುವಿನ ಅಂಗಾಂಗಗಳನ್ನು ರೂಪಿಸುವ ಜೀನ್‌ಗಳೇ ಈ ಕ್ಯಾನ್ಸರಿಗೂ ಕಾರಣವಾಗುತ್ತವೆ ಎಂದು ಧಾರವಾಡದ ಒಂದು ಉಪನ್ಯಾಸದಲ್ಲಿ ಕೇಳಿದೆ. ಹಾಗಾದರೆ ಇದು ಹುಟ್ಟಿನಿಂದಲೇ ಬಂದದ್ದೇ? ಮಗಳಿಗೆ ಸಂಬಂಧ ನೋಡುತ್ತಿದ್ದೇವೆ, ಅವಳಿಗೂ ಬರುವುದೇ?
— ಓದುಗರೊಬ್ಬರು, ಗದಗ

ಉತ್ತರ: ಉಪನ್ಯಾಸದಲ್ಲಿ ಹೇಳಿದ್ದು ಸರಿ, ಆದರೆ ನಿಮ್ಮ ಆತಂಕಕ್ಕೆ ಅದು ಆಧಾರವಾಗದು. ಜೀವಕೋಶ ಯಾವಾಗ ವಿಭಜನೆಯಾಗಬೇಕು, ಎತ್ತ ಸರಿಯಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ನಿರ್ಧರಿಸುವ ಈ ಜೀನ್‌ಗಳು ಎಲ್ಲರಲ್ಲಿಯೂ ಇರುತ್ತವೆ, ಇರಲೇಬೇಕು. ಹೆಚ್ಚಿನ ಅಂಗಗಳ ರಚನೆ ಜನನದ ಹೊತ್ತಿಗೆ ಬಹುಪಾಲು ಮುಗಿದಿರುತ್ತದೆ. ಸ್ತನದಲ್ಲಿ ಮಾತ್ರ ಆಗ ಇರುವುದು ಕೆಲವು ಎಳೆಯ ನಾಳಗಳಷ್ಟೆ. ಹರೆಯದಲ್ಲಿ ಅವು ಕವಲೊಡೆಯುತ್ತವೆ, ಬಸಿರಿನಲ್ಲಿ ಹಾಲು ತಯಾರಿಸುವ ಕೋಶಗಳು ತುಂಬಿಕೊಳ್ಳುತ್ತವೆ, ಮಗು ಹಾಲು ಬಿಟ್ಟ ಮೇಲೆ ಮದುವೆ ಮುಗಿದ ಮನೆಯ ಹಂದರದಂತೆ ಅವು ಕಳಚಿಹೋಗುತ್ತವೆ. ಹೀಗೆ ಬೆಳವಣಿಗೆಯ ಜೀನ್‌ಗಳು ಇಲ್ಲಿ ಪ್ರಾಯದಲ್ಲಿಯೂ ಮತ್ತೆ ಮತ್ತೆ ಕೆಲಸಕ್ಕಿಳಿಯುವುದರಿಂದ, ಅವು ಹತೋಟಿ ತಪ್ಪುವ ಸಂಭವವೂ ಉಳಿದಿರುತ್ತದೆ.

ಇದಕ್ಕೆ ಮೊದಲ ಸ್ಪಷ್ಟ ಪುರಾವೆ ದೊರೆತದ್ದು ಇಲಿಗಳಲ್ಲಿ. ಇಲಿಗಳಿಗೆ ಸ್ತನದ ಗಡ್ಡೆ ತರುವ ವೈರಸ್ಸೊಂದು ತನ್ನ ಡಿಎನ್‌ಎಯನ್ನು ಪದೇ ಪದೇ ಒಂದೇ ಜೀನಿನ ನೆರೆಯಲ್ಲಿ ಸೇರಿಸುವುದನ್ನು 1982ರಲ್ಲಿ ವಿಜ್ಞಾನಿಗಳಾದ ರೂಲ್ ನುಸ್ಸೆ ಮತ್ತು ಹೆರಾಲ್ಡ್ ವಾರ್ಮಸ್ ಕಂಡುಕೊಂಡರು. ಆ ಜೀನ್ ತಯಾರಿಸುವ ಪ್ರೋಟೀನ್ ಕೆಟ್ಟಿರಲಿಲ್ಲ. ಸುಮ್ಮನಿರಬೇಕಾದ ಜಾಗದಲ್ಲಿ ಜೀನ್ ಚಾಲೂ ಆಗಿತ್ತು, ಅಷ್ಟೆ. ಹಣ್ಣುನೊಣದ ಭ್ರೂಣದಲ್ಲಿ ದೇಹದ ಖಂಡಗಳನ್ನು ರೂಪಿಸುವ ಜೀನ್ ಇದರದೇ ಪ್ರತಿರೂಪವೆಂದು 1987ರಲ್ಲಿ ತಿಳಿಯಿತು. ಇಲಿಯ ಆ ಜೀನಿಗೆ ಇಂದು ವಿಂಟ್-1 ಎಂದು ಹೆಸರು. ಮನುಷ್ಯರ ಸ್ತನ ಕ್ಯಾನ್ಸರಿನಲ್ಲಿ ಆ ವೈರಸ್ಸಿನ ಪಾತ್ರ ಸಾಬೀತಾಗಿಲ್ಲ. ನಮ್ಮಲ್ಲಿ ಎದ್ದು ಕಾಣುವುದು ಗಾಟಾ-3. ಹಾಲಿನ ನಾಳದ ಒಳಪದರದ ಕೋಶಗಳು ಪಕ್ವಗೊಂಡು ಹಾಗೆಯೇ ಉಳಿಯಲು ಬೇಕಾದ ಈ ಜೀನ್, ಸುಮಾರು ಹತ್ತರಲ್ಲಿ ಒಂದು ಗಡ್ಡೆಯಲ್ಲಿ ಬದಲಾಗಿರುತ್ತದೆ. ಟ್ವಿಸ್ಟ್ ಎಂಬ ಇನ್ನೊಂದು ಜೀನ್ ಭ್ರೂಣದಲ್ಲಿ ಕೋಶಗಳು ಪರಸ್ಪರ ಹಿಡಿತ ಬಿಟ್ಟು ಸರಿಯುವಂತೆ ಮಾಡುತ್ತದೆ. ಗಡ್ಡೆಯೊಳಗೆ ಅದು ಎಚ್ಚೆತ್ತರೆ ರೋಗವು ಶ್ವಾಸಕೋಶಕ್ಕೆ ಹರಡಲು ನೆರವಾಗುತ್ತದೆಂದು 2004ರಲ್ಲಿ ಇಲಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಲಾಯಿತು.

ಇಂಥ ಬದಲಾವಣೆಗಳು ಬಹುತೇಕ ಸ್ತನದ ಕೋಶಗಳಲ್ಲಿ, ಬದುಕಿನ ನಡುವೆ ಆದವು. ಅವು ಮಕ್ಕಳಿಗೆ ಇಳಿಯುವುದಿಲ್ಲ. ವಂಶದಲ್ಲಿ ಇಳಿಯುವ ದೋಷಗಳಲ್ಲಿ ಮುಖ್ಯವಾದವು ಬಿಆರ್‌ಸಿಎ-1 ಮತ್ತು ಬಿಆರ್‌ಸಿಎ-2 ಜೀನ್‌ಗಳಲ್ಲಿ ಕಾಣುತ್ತವೆ. ಡಿಎನ್‌ಎಯ ದುರಸ್ತಿ ಇವುಗಳ ಪ್ರಧಾನ ಕೆಲಸ. ಹೀಗೆ ವಂಶದಲ್ಲಿ ಇಳಿದ ದೋಷದಿಂದ ಬರುವುದು ಒಟ್ಟು ಸ್ತನ ಕ್ಯಾನ್ಸರಿನ ನೂರರಲ್ಲಿ 5ರಿಂದ 10 ಮಾತ್ರ. ಈ ದೋಷ ತಂದೆಯಿಂದಲೂ ಬರುತ್ತದೆ. ನಮ್ಮ ಕಡೆ ತಾಯಿಯ ತವರಿನ ಲೆಕ್ಕವನ್ನಷ್ಟೇ ಹಿಡಿದು, ಸೋದರತ್ತೆಯರನ್ನು ಬಿಟ್ಟುಬಿಡುವುದೇ ಹೆಚ್ಚು.

62ನೇ ವಯಸ್ಸಿನಲ್ಲಿ ಒಬ್ಬರಿಗೆ ಬಂದಿತೆಂಬುದರಿಂದಲೇ ವಂಶದ ದೋಷವನ್ನು ಶಂಕಿಸಬೇಕಿಲ್ಲ, ಮಗಳ ಸಂಬಂಧವನ್ನಂತೂ ತಡೆಯಬೇಕಿಲ್ಲ. ಆದರೆ ಮನೆತನದಲ್ಲಿ ಯಾರಿಗಾದರೂ 50ಕ್ಕಿಂತ ಮೊದಲೇ ಸ್ತನ ಕ್ಯಾನ್ಸರ್, ಯಾವ ವಯಸ್ಸಿನಲ್ಲಾದರೂ ಅಂಡಾಶಯದ ಕ್ಯಾನ್ಸರ್, ಅಥವಾ ಗಂಡಸಿಗೆ ಸ್ತನ ಕ್ಯಾನ್ಸರ್ ಬಂದಿದ್ದರೆ, ತಾಯಿಯ ಬಯಾಪ್ಸಿ ವರದಿಯೊಂದಿಗೆ ಅದನ್ನು ವೈದ್ಯರಿಗೆ ತಿಳಿಸಿ, ಜೀನ್ ಪರೀಕ್ಷೆ ಬೇಕೇ ಎಂದು ಕೇಳಿರಿ. ಪರೀಕ್ಷೆ ಮಾಡುವುದಾದರೆ ಮೊದಲು ತಾಯಿಗೇ ಮಾಡಬೇಕು. ನೀವು ಅವರ ಮಗಳಾಗಿದ್ದರೆ ನಿಮ್ಮ ಅಪಾಯವೂ ಇತರ ಮಹಿಳೆಯರಿಗಿಂತ ಸುಮಾರು ಇಮ್ಮಡಿ; ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ) ಎಷ್ಟು ವರ್ಷಕ್ಕೊಮ್ಮೆ ಮಾಡಿಸಬೇಕೆಂಬುದನ್ನು ಅದೇ ಭೇಟಿಯಲ್ಲಿ ವಿಚಾರಿಸಿಕೊಳ್ಳಿರಿ.