ಮಾದರಿ ಸಿದ್ಧವಾದ ಮೇಲೂ ವೈದ್ಯಕೀಯ ಉಪಕರಣ ಮಾರುಕಟ್ಟೆಗೆ ಬರಲು ವರ್ಷಗಳೇಕೆ ಬೇಕು?

ಮೇಜಿನ ಮೇಲೆ ಒಂದು ಮಾದರಿ ಕೆಲಸ ಮಾಡುವುದು ಬೇರೆ, ಅದನ್ನೇ ಸಾವಿರಾರು ಸಂಖ್ಯೆಯಲ್ಲಿ ಒಂದೇ ಗುಣಮಟ್ಟದಲ್ಲಿ ತಯಾರಿಸುವುದು ಬೇರೆ. ಕಾಲ ಹಿಡಿಯುವುದು ಎರಡನೆಯದಕ್ಕೆ.

ಹೊಸಬರು ತಡವಾಗಿ ಎಚ್ಚೆತ್ತುಕೊಳ್ಳುವ ವಿಷಯವೆಂದರೆ ಉಪಕರಣವನ್ನು ಸೂಕ್ಷ್ಮಜೀವಿಮುಕ್ತಗೊಳಿಸುವುದು. 121 ಡಿಗ್ರಿ ಸೆಲ್ಸಿಯಸ್‌ನ ಹಬೆಯಲ್ಲಿ ಹಲವು ಪ್ಲಾಸ್ಟಿಕ್‌ಗಳು ಸೊಟ್ಟಗಾಗುತ್ತವೆ. ಗಾಮಾ ವಿಕಿರಣಕ್ಕೆ ಒಡ್ಡಿದರೆ ಸಾಮಾನ್ಯ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಪೆಡಸಾಗಿ ಬಿರಿಯುತ್ತದೆ, ಅದೂ ಕೆಲವೊಮ್ಮೆ ಗೋದಾಮಿನಲ್ಲಿ ತಿಂಗಳುಗಟ್ಟಲೆ ಕುಳಿತ ನಂತರ! ಎಥಿಲೀನ್ ಆಕ್ಸೈಡ್ ಅನಿಲ ಪ್ಲಾಸ್ಟಿಕ್ಕನ್ನು ಕೆಡಿಸುವುದು ಕಡಿಮೆ. ಆದರೆ ಅದು ಸ್ವತಃ ವಿಷ, ಉಳಿಕೆಯನ್ನು ಗಾಳಿಯಾಡಿಸಿ ಹೊರಹಾಕಬೇಕು. ಸರಿ, ಪ್ಲಾಸ್ಟಿಕ್ಕನ್ನೇ ಬದಲಿಸೋಣ ಎಂದರೆ ಅದು ದೇಹಕ್ಕೆ ಒಗ್ಗುತ್ತದೆಯೇ ಎಂಬ ಪರಿಶೀಲನೆ (ಐಎಸ್‌ಒ 10993 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ) ಮತ್ತೆ ಶುರು.

ಸಾಫ್ಟ್‌ವೇರ್ ಇದ್ದರೆ ಇನ್ನೂ ಎಚ್ಚರ ಬೇಕು. ಥೆರಾಕ್-25 ವಿಕಿರಣ ಚಿಕಿತ್ಸಾ ಯಂತ್ರದಲ್ಲಿ ಹಳೆಯ ಮಾದರಿಗಳಲ್ಲಿದ್ದ ಯಾಂತ್ರಿಕ ತಡೆಗಳನ್ನು ತೆಗೆದು ಸುರಕ್ಷತೆಯನ್ನು ಸಾಫ್ಟ್‌ವೇರಿಗೆ ಒಪ್ಪಿಸಿದ್ದರು. 1985ರಿಂದ 1987ರ ನಡುವೆ ಕನಿಷ್ಠ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ತಗುಲಿತು, ಕೆಲವರು ಸತ್ತರು. ಇಂಥ ಪರಿಶೀಲನೆಗಳ ದಾಖಲೆಪತ್ರಗಳ ರಾಶಿಯನ್ನು ಕಂಡು ಗೊಣಗುವ ಎಂಜಿನಿಯರುಗಳಿಗೆ ನಾನು ತೋರಿಸುವುದು ಇದನ್ನೇ.

ಹಾಗೆಂದು ಎಲ್ಲ ದೋಷವನ್ನೂ ಮೊದಲೇ ಹಿಡಿಯಲಾಗದು. 1958ರಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್ ಅವರ ದೇಹದೊಳಗಿಟ್ಟ ಮೊದಲ ಪೇಸ್‌ಮೇಕರ್ ಕೆಲವೇ ಗಂಟೆ ನಡೆಯಿತು. ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರುಗಳನ್ನು ಬದಲಿಸಿಕೊಂಡು ಅವರು 2001ರವರೆಗೆ ಬದುಕಿದರು.